ಅಲುಗಾಡದೆ ಒಂದು ತಾಸು: ಧ್ಯಾನಕ್ಕೆ ಕೂರುವ ಭಂಗಿಯನ್ನು ಹುಡುಕಿದ ಅನುಭವ

ಮೌನವಾಗಿದ್ದು ಧ್ಯಾನ ಕಲಿಯುವ ಹತ್ತು ದಿನಗಳ ವಿಪಶ್ಯನ ಶಿಬಿರವನ್ನು ಮುಗಿಸಿಕೊಂಡು ಕಳೆದ ವಾರ ಧಾರವಾಡಕ್ಕೆ ಮರಳಿದ್ದೇನೆ. ಮನೆಗೆ ಬಂದವರೆಲ್ಲ ಮನಸ್ಸಿನ ಬಗ್ಗೆ ಕೇಳುತ್ತಾರೆ. ಶಾಂತಿ ಸಿಕ್ಕಿತೇ, ಮಾತಿಲ್ಲದೆ ಹೇಗೆ ಇದ್ದಿರಿ, ಮೊಬೈಲ್ ನೆನಪಾಗಲಿಲ್ಲವೇ ಎಂದು. ಅದನ್ನೆಲ್ಲ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬರೆಯಬೇಕೆಂದಿರುವುದು ಮೊಣಕಾಲು, ಸೊಂಟ ಮತ್ತು ಒಂದು ದಿಂಬಿನ ಬಗ್ಗೆ. ಶಿಬಿರಕ್ಕೆ ಹೋಗುವ ಮೊದಲು ಹೆಚ್ಚುಕಡಿಮೆ ಒಂದು ವರ್ಷ ನನ್ನನ್ನು ಕಾಡಿದ್ದು ಕುಳಿತುಕೊಳ್ಳುವುದು ಹೇಗೆ ಎಂಬ ಒಂದೇ ಪ್ರಶ್ನೆ. ಆ ವರ್ಷದಲ್ಲಿ ನನಗೆ ಯಾರಾದರೂ ಇದನ್ನೆಲ್ಲ ಒಂದೇ ಕಡೆ ಹೇಳಿದ್ದರೆ ಎಷ್ಟೋ ನೋವು, ಎಷ್ಟೋ ಓಡಾಟ ಉಳಿಯುತ್ತಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಐವತ್ತು ದಾಟಿದೆ. ಬೆಳಿಗ್ಗೆ ಧಾರವಾಡದ ಜುಬಿಲಿ ವೃತ್ತದಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದರೆ ಮುಗಿಯಿತು. ಬಸ್ಸಿನ ಸೀಟು, ಕಚೇರಿಯ ಕುರ್ಚಿ, ಸಂಜೆ ಮತ್ತೆ ಬಸ್ಸಿನ ಸೀಟು. ಮನೆಯಲ್ಲಿ ಊಟವೂ ಮೇಜಿನ ಮೇಲೆಯೇ. ಚಿಕ್ಕಂದಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಉಂಡು, ಓದಿ, ಶೇಂಗಾ ಸುಲಿದು ಬೆಳೆದವಳು ನಾನು. ಆದರೆ ಕೆಲಸಕ್ಕೆ ಸೇರಿದ ಮೇಲೆ ಆ ರೂಢಿ ತಪ್ಪಿಹೋಯಿತು. ಅವ್ವ ತೀರಿಕೊಂಡ ಮೇಲೆ ನಿದ್ದೆ ಕೆಟ್ಟಿತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೆ ಸೂರು ನೋಡುತ್ತ ಮಲಗುವುದೇ ಆಗುತ್ತಿತ್ತು. ಮಾತ್ರೆ ಬೇಡವೆನಿಸಿತು. ಧ್ಯಾನ ಕಲಿಯೋಣವೆಂದು ಹೊರಟೆ.

ನಮ್ಮ ಬಡಾವಣೆಯ ಹತ್ತಿರ ಬೆಳಿಗ್ಗೆ ಆರಕ್ಕೆ ಒಂದು ತರಗತಿ ನಡೆಯುತ್ತಿತ್ತು, ತಿಂಗಳಿಗೆ ಐನೂರು ರೂಪಾಯಿ. ಕಲಿಸುವವರು ಶಿಸ್ತಿನ ಮನುಷ್ಯರು, ಒಂದು ದಿನವೂ ತಡವಾಗಿ ಬಂದವರಲ್ಲ. ಆದರೆ ಪದ್ಮಾಸನ ಬಾರದವರಿಗೆ ಧ್ಯಾನವೂ ಬಾರದು ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಕಾಲು ಮಡಚಿ ಕುಳಿತರೆ ನನ್ನ ಮೊಣಕಾಲುಗಳು ನೆಲದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತಿದ್ದವು. ಅವರು ಹಿಂದಿನಿಂದ ಬಂದು ಎರಡೂ ಕೈಯಿಂದ ಮೊಣಕಾಲುಗಳನ್ನು ಕೆಳಕ್ಕೆ ಒತ್ತಿ, “ಇನ್ನು ಸ್ವಲ್ಪ ಮೇಡಂ, ಇನ್ನು ಸ್ವಲ್ಪ, ಅಭ್ಯಾಸವಾಗುತ್ತದೆ” ಎನ್ನುತ್ತಿದ್ದರು. ಕೆಲವು ವಾರಗಳಲ್ಲಿ ಬಲ ಮೊಣಕಾಲಿನ ಒಳಬದಿಯಲ್ಲಿ ಚುಚ್ಚುವ ನೋವು ಶುರುವಾಯಿತು. ಮೊದಮೊದಲು ಕುಳಿತಾಗ ಮಾತ್ರ, ಆಮೇಲೆ ಮೆಟ್ಟಿಲು ಇಳಿಯುವಾಗ, ಕೊನೆಗೆ ಬಸ್ಸಿನಿಂದ ಇಳಿದು ಕಂಬಿ ಹಿಡಿದು ನಿಂತು ಸುಧಾರಿಸಿಕೊಳ್ಳಬೇಕಾದ ಮಟ್ಟಕ್ಕೆ ಬಂತು.

ಇಲ್ಲಿಯೇ ಒಂದು ಮಾತು. ಯಾರೇ ಆಗಲಿ ನಿಮ್ಮ ಮೊಣಕಾಲನ್ನು ಒತ್ತಲು ಬಂದರೆ ಬೇಡವೆನ್ನಿ. ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ಗೌರವವಿರಲಿ, ಕೈಮುಗಿದು ಬೇಡವೆನ್ನಿ. ಇದನ್ನು ನಾನು ಸಿಟ್ಟಿನಿಂದ ಬರೆಯುತ್ತಿಲ್ಲ, ಕಳಕಳಿಯಿಂದ ಬರೆಯುತ್ತಿದ್ದೇನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಎಲುಬು-ಕೀಲು ವೈದ್ಯರಿಗೆ ತೋರಿಸಲು ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿ ಪಾಳಿಯಲ್ಲಿ ಕುಳಿತವಳಿಗೆ ಒಳಗೆ ಕರೆ ಬಂದದ್ದು ಮಧ್ಯಾಹ್ನ ಒಂದೂವರೆಗೆ. ಮೊದಲು ಎಕ್ಸ್-ರೇ ಎಂದರು. ಅಲ್ಲಿ ಇನ್ನೊಂದು ಪಾಳಿ. ಎಕ್ಸ್-ರೇ ಕೈಗೆ ಬರುವಷ್ಟರಲ್ಲಿ ವೈದ್ಯರು ಊಟಕ್ಕೆ ಹೋಗಿದ್ದರು. ಚೀಟಿಗೆ ಐನೂರು, ಎರಡೂ ಮೊಣಕಾಲಿನ ಎಕ್ಸ್-ರೇಗೆ ಏಳುನೂರು, ಮಾತ್ರೆ ಮುಲಾಮಿಗೆ ನಾನೂರರ ಆಸುಪಾಸು. ಅಷ್ಟು ಕಾದ ಮೇಲೆ ಸಿಕ್ಕ ಮಾತು ಇಷ್ಟೇ: “ವಯಸ್ಸಿಗೆ ತಕ್ಕ ಸವಕಳಿ ಇದೆ, ಗಾಬರಿಯಾಗುವಂಥದ್ದೇನಿಲ್ಲ. ಇನ್ನು ಮೇಲೆ ಕೆಳಗೆ ಕುಳಿತುಕೊಳ್ಳಬೇಡಿ.” ಎಷ್ಟು ದಿನ ಎಂದು ಕೇಳಿದೆ. “ಕುಳಿತುಕೊಳ್ಳಲೇಬೇಡಿ” ಎಂದು ಮುಂದಿನವರನ್ನು ಕರೆದರು.

ಆ ಸಂಜೆ ನನಗಾದ ಸಂಕಟ ಮೊಣಕಾಲಿನದಲ್ಲ. ಮದುವೆ ಮನೆಯ ಪಂಕ್ತಿ, ಜಾತ್ರೆಯಲ್ಲಿ ಮಠದ ದಾಸೋಹ, ದೇವರ ಮನೆ, ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎರೆಯುವುದು, ಇವೆಲ್ಲ ನಡೆಯುವುದು ನೆಲದ ಮೇಲೆ. ನೆಲ ಬಿಟ್ಟರೆ ಬದುಕಿನ ಅರ್ಧ ಬಿಟ್ಟಂತೆ. ಆ ವೈದ್ಯರು ಹೇಳಿದ್ದು ಸುಳ್ಳಲ್ಲ. ನೋವಿರುವ ಮೊಣಕಾಲಿಗೆ ವಿಶ್ರಾಂತಿ ಬೇಕೇ ಬೇಕಿತ್ತು. ಆದರೆ ಎಷ್ಟು ದಿನ, ಆಮೇಲೆ ಯಾವ ರೀತಿ ಕೂರಬಹುದು, ಎಷ್ಟು ಎತ್ತರದ ಮೇಲೆ ಕೂರಬಹುದು ಎಂದು ಹೇಳಲು ಅವರಿಗೆ ಪುರುಸೊತ್ತು ಇರಲಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗುವವರು ಇದೇ ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ಎಕ್ಸ್-ರೇ ಫಿಲ್ಮನ್ನೂ ಚೀಟಿಯನ್ನೂ ಜೋಪಾನವಾಗಿಡಿ, ನನಗೆ ಅವು ಮುಂದೆ ಎರಡು ಕಡೆ ಬೇಕಾದವು.

ಬಾಗಿಲು ತೆರೆದದ್ದು ಫಿಸಿಯೋಥೆರಪಿಯಲ್ಲಿ. ನಮ್ಮ ಕಚೇರಿಯ ಹುಡುಗಿಯೊಬ್ಬಳು ಹೇಳಿದ ಜಾಗ, ಒಂದು ಸಲಕ್ಕೆ ಮುನ್ನೂರು ರೂಪಾಯಿ. ಅಲ್ಲಿದ್ದ ಯುವತಿ ಮೊಣಕಾಲನ್ನು ನೋಡುವ ಮೊದಲು ನನ್ನನ್ನು ಅಂಗಾತ ಮಲಗಿಸಿ, ಬಲಗಾಲಿನ ಹರಡನ್ನು, ಅಂದರೆ ಪಾದದ ಕೀಲನ್ನು, ಎಡ ಮೊಣಕಾಲಿನ ಮೇಲೆ ಇರಿಸಿ, ಬಲ ಮೊಣಕಾಲು ತಾನಾಗಿ ಎಷ್ಟು ಕೆಳಗೆ ಬರುತ್ತದೆ ಎಂದು ನೋಡಿದಳು. ಅದು ಮಂಚದಿಂದ ಬಹಳ ಮೇಲೆ ಗಾಳಿಯಲ್ಲಿ ನಿಂತಿತು. ಎಡಗಾಲು ಸ್ವಲ್ಪ ವಾಸಿ. “ಅಮ್ಮಾ, ನಿಮ್ಮ ಮೊಣಕಾಲಿನ ತಂಟೆ ಶುರುವಾಗಿರುವುದು ಇಲ್ಲಿ” ಎಂದು ತೊಡೆಸಂದಿನ ಮೇಲೆ ಬೆರಳಿಟ್ಟಳು.

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಕಾಲು ಮಡಚಿ ಕೂರುವಾಗ ತೊಡೆಯ ಮೂಳೆ ಸೊಂಟದ ಬಟ್ಟಲಿನಲ್ಲಿ ಹೊರಕ್ಕೆ ತಿರುಗಬೇಕು. ಆ ಕೀಲು ಎಲ್ಲ ದಿಕ್ಕಿಗೂ ತಿರುಗಬಲ್ಲದು. ಮೊಣಕಾಲು ಹಾಗಲ್ಲ, ಅದರ ಮುಖ್ಯ ಕೆಲಸ ಬಾಗಿಲ ತಿರುಗಣಿಯಂತೆ ಮಡಚುವುದು ಮತ್ತು ಚಾಚುವುದು. ಪಕ್ಕಕ್ಕೆ ತಿರುಚಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಸೊಂಟ ತಿರುಗದೆ ಇದ್ದಾಗ ಪಾದವನ್ನು ಎತ್ತಿ ತೊಡೆಯ ಮೇಲೆ ಹಾಕಿ ಮೊಣಕಾಲನ್ನು ಒತ್ತಿದರೆ ಆ ತಿರುಚು ಪೂರ್ತಿ ಮೊಣಕಾಲಿನ ಮೇಲೆಯೇ ಬೀಳುತ್ತದೆ, ಒಳಗಿನ ಮೃದ್ವಸ್ಥಿ ಹಿಂಡಿಕೊಳ್ಳುತ್ತದೆ. ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಸೊಂಟದ ಸುತ್ತಲಿನ ಸ್ನಾಯುಗಳು ಬಿಗಿಯಾಗಿರುತ್ತವೆ. ಅದನ್ನು ನಿಧಾನವಾಗಿ ಸಡಿಲಿಸಬಹುದು. ಆದರೆ ಬಟ್ಟಲಿನ ಆಕಾರವೇ ಒಬ್ಬೊಬ್ಬರಿಗೆ ಒಂದೊಂದು ತರಹ. ಎಷ್ಟು ಅಭ್ಯಾಸ ಮಾಡಿದರೂ ಕೆಲವರಿಗೆ ಪದ್ಮಾಸನ ಬರುವುದೇ ಇಲ್ಲ, ಅದು ಅವರ ಸೋಮಾರಿತನವಲ್ಲ.

ಕೊನೆಯ ಮಾತು ಕೇಳಿ ನನ್ನ ಕಣ್ಣು ತುಂಬಿತು. ಅಷ್ಟು ದಿನ ತರಗತಿಯಲ್ಲಿ ಎಲ್ಲರ ನಡುವೆ ಮೊಣಕಾಲು ಎತ್ತಿಕೊಂಡು ಕುಳಿತಾಗ ಆಗುತ್ತಿದ್ದ ನಾಚಿಕೆ ಆ ಮಂಚದ ಮೇಲೆ ಇಳಿದುಹೋಯಿತು. ಪತಂಜಲಿಯ ಯೋಗಸೂತ್ರದಲ್ಲಿ ಆಸನವು ಸ್ಥಿರವಾಗಿರಬೇಕು, ಸುಖವಾಗಿರಬೇಕು ಎಂದಷ್ಟೇ ಇದೆ. ಸೂತ್ರಗಳಲ್ಲಿ ಪದ್ಮಾಸನದ ಹೆಸರೇ ಇಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯವೂ ಧ್ಯಾನಕ್ಕೆ ಕೂರುವ ಜಾಗ ಅತಿ ಎತ್ತರವೂ ಅತಿ ತಗ್ಗೂ ಇರಬಾರದು, ಮೈ, ತಲೆ, ಕೊರಳು ನೆಟ್ಟಗಿರಬೇಕು ಎನ್ನುತ್ತದೆ. ಕಾಲುಗಳನ್ನು ಹೇಗೆ ಮಡಚಬೇಕೆಂಬ ಮಾತು ಆ ಶ್ಲೋಕಗಳಲ್ಲಿ ಇಲ್ಲ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಮೊದಲೇ ತಿಳಿದಿದ್ದರೆ ಮೊಣಕಾಲು ಒತ್ತುವಾಗ ಧೈರ್ಯವಾಗಿ ಹೇಳುತ್ತಿದ್ದೆ.

ಫಿಸಿಯೋಥೆರಪಿಯ ಯುವತಿ ಕೊಟ್ಟ ವ್ಯಾಯಾಮಗಳು ಸರಳವಾಗಿದ್ದವು. ಅಂಗಾತ ಮಲಗಿ ಕಾಲನ್ನು ಕಾಲಿನ ಮೇಲೆ ಹಾಕಿ ಎದೆಯ ಕಡೆ ಎಳೆದುಕೊಳ್ಳುವುದು, ಗೋಡೆಗೆ ಬೆನ್ನು ಕೊಟ್ಟು ಎರಡು ಪಾದಗಳನ್ನು ಜೋಡಿಸಿ ಮೊಣಕಾಲುಗಳನ್ನು ತಾವಾಗಿ ಇಳಿಯಲು ಬಿಡುವುದು, ತೊಡೆಯ ಮುಂಭಾಗಕ್ಕೆ ಬಲ ಬರಲು ಕುರ್ಚಿಯಲ್ಲಿ ಕುಳಿತು ಕಾಲು ಚಾಚಿ ಹಿಡಿಯುವುದು. ಯಾವುದರಲ್ಲಿಯೂ ಜಗ್ಗಾಟವಿಲ್ಲ. ನೋವು ಇಳಿಯುವವರೆಗೆ ನೆಲದ ಮೇಲೆ ಕೂರುವಂತಿಲ್ಲ ಎಂದು ಅವಳೂ ಹೇಳಿದಳು, ಆದರೆ ಅವಧಿ ಹೇಳಿದಳು: ಆರು ವಾರ. ಅವಧಿ ಗೊತ್ತಾದ ಮೇಲೆ ಕಾಯುವುದು ಕಷ್ಟವಾಗಲಿಲ್ಲ. ಆ ಆರು ವಾರ ಕುರ್ಚಿಯ ಮೇಲೆಯೇ ಧ್ಯಾನಕ್ಕೆ ಕುಳಿತೆ.

ಇನ್ನು ಕೂರುವ ಎತ್ತರದ ವಿಷಯ. ಅದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಅತ್ತೆ. ಅವರಿಗೆ ಎಪ್ಪತ್ತೈದು. ದಿನವೂ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಅರ್ಧ ತೆರೆದ ಕಣ್ಣಿನಿಂದ ಅದನ್ನೇ ನೋಡುತ್ತ ಕೂರುತ್ತಾರೆ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಆದರೆ ನೋಡಿದ್ದು ಮುಖ ಮತ್ತು ಕೈ ಮಾತ್ರ. ಈ ಸಲ ಕುರ್ಚಿಯಲ್ಲಿ ಕುಳಿತು ಕೆಳಗಡೆ ನೋಡಿದೆ. ಅವರು ಕೂರುವುದು ಕರಿ ಕಂಬಳಿಯ ಮೇಲೆ. ಅದನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಾರೆ. ಹಾಸಿದ ಮೇಲೆ ಹಿಂದಿನ ಅಂಚನ್ನು ಮತ್ತೆ ಒಳಗೆ ಮಡಚಿ, ಅಂಗೈಯಿಂದ ಎರಡು ಸಲ ತಟ್ಟಿ, ಆ ದಪ್ಪ ಅಂಚಿನ ಮೇಲೆ ಕೂರುತ್ತಾರೆ. ಹಿಂದೆ ಎತ್ತರ, ಮುಂದೆ ತಗ್ಗು. ಮೊಣಕಾಲುಗಳು ಇಳಿಜಾರಿನಲ್ಲಿ ತಾವಾಗಿ ನೆಲಕ್ಕೆ ಹೋಗಿ ಕುಳಿತಿರುತ್ತವೆ. ಎಡಗೈಯ ಮೊಣಕೈ ಪಕ್ಕೆಗೆ ಹತ್ತಿಕೊಂಡಿರುತ್ತದೆ, ಭುಜ ಎತ್ತಿಕೊಂಡಿರುವುದಿಲ್ಲ.

“ಅತ್ತೆ, ಹೀಗೆ ಮಡಚಬೇಕೆಂದು ಯಾರು ಹೇಳಿಕೊಟ್ಟರು?” ಎಂದು ಕೇಳಿದೆ.

“ಹೇಳಿಕೊಡುವುದೇನು ಇದೆ? ನಮ್ಮ ಅವ್ವ ಹೀಗೆಯೇ ಮಡಚುತ್ತಿದ್ದಳು. ಕುಸಿದು ಕುಳಿತರೆ ಕೈ ಜೋಲುತ್ತದೆ, ಕೈ ಜೋತರೆ ದೃಷ್ಟಿ ಜಾರುತ್ತದೆ. ನೀನು ಕಾಲನ್ನೇ ನೋಡುತ್ತಿದ್ದೀಯಲ್ಲ, ಮೊದಲು ಸೊಂಟ ಎತ್ತು” ಎಂದರು.

ಅವರು ಹೇಳಿದ್ದನ್ನೇ ಫಿಸಿಯೋಥೆರಪಿಯ ಯುವತಿ ಬೇರೆ ಮಾತಿನಲ್ಲಿ ವಿವರಿಸಿದಳು. ಸಪಾಟಾದ ನೆಲದ ಮೇಲೆ ಕುಳಿತಾಗ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ. ಬೆನ್ನನ್ನು ನೆಟ್ಟಗೆ ಹಿಡಿಯಲು ಸ್ನಾಯುಗಳು ಸತತವಾಗಿ ದುಡಿಯಬೇಕಾಗುತ್ತದೆ, ಹತ್ತು ನಿಮಿಷಕ್ಕೆ ಸುಸ್ತು. ಸೊಂಟ ಮೊಣಕಾಲಿಗಿಂತ ಎತ್ತರಕ್ಕೆ ಬಂದರೆ ಅದು ಸ್ವಲ್ಪ ಮುಂದಕ್ಕೆ ವಾಲಿ, ಬೆನ್ನು ತಾನಾಗಿ ನಿಲ್ಲುತ್ತದೆ. ಎರಡು ಮೊಣಕಾಲು ಮತ್ತು ಕೂರುವ ಮೂಳೆಗಳು, ಈ ಮೂರು ಕಡೆ ಭಾರ ಹಂಚಿಹೋಗಬೇಕು. ಒಂದು ಮೊಣಕಾಲು ಗಾಳಿಯಲ್ಲಿದ್ದರೂ ಭಂಗಿ ನಿಲ್ಲುವುದಿಲ್ಲ. ಅಂಥ ಮೊಣಕಾಲಿನ ಕೆಳಗೆ ಮಡಚಿದ ಟವೆಲ್ ತುಂಬಬೇಕು, ಒತ್ತಬಾರದು.

ಎತ್ತರವನ್ನು ಕಂಡುಕೊಳ್ಳುವ ಬಗೆ ಇದು: ಮನೆಯಲ್ಲಿರುವ ಕೌದಿ, ಚಾದರಗಳನ್ನು ಬಿಗಿಯಾಗಿ ಮಡಚಿ ಒಂದರ ಮೇಲೊಂದು ಇಡಿ. ಮುಂದಿನ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಸಡಿಲವಾಗಿ ಮಡಚಿ, ಪಕ್ಕದಿಂದ ಯಾರನ್ನಾದರೂ ನೋಡಲು ಹೇಳಿ. ತೊಡೆ ಸೊಂಟದಿಂದ ಮೊಣಕಾಲಿಗೆ ಸ್ವಲ್ಪವಾದರೂ ಇಳಿಜಾರಾಗಿರಬೇಕು. ಇಲ್ಲದಿದ್ದರೆ ಇನ್ನೊಂದು ಮಡಿಕೆ ಸೇರಿಸಿ. ಇಳಿಜಾರು ಬಂದ ಮೇಲೆ, ಎದ್ದುಬಿಡದೆ ಕುಳಿತಿರುವಾಗಲೇ ಆ ಮಡಿಕೆಗಳ ಎತ್ತರವನ್ನು ಅಳೆಯಿಸಿಕೊಳ್ಳಿ. ಬಹಳ ಜನರಿಗೆ ನಾಲ್ಕರಿಂದ ಆರು ಇಂಚು ಸಾಕಾಗುತ್ತದೆ. ನನಗೆ ಆರೂವರೆ ಬೇಕಾಯಿತು.

ಈ ಅಳತೆ ಸಿಗುವ ಮೊದಲು ದಿಂಬಿಗಾಗಿ ದುಡ್ಡು ಕಳೆದದ್ದೂ ಆಯಿತು. ಆನ್‌ಲೈನಿನಲ್ಲಿ ಸಾವಿರದ ಮುನ್ನೂರು ಕೊಟ್ಟು ತರಿಸಿದ ಸ್ಪಂಜಿನ ದಿಂಬು ನೋಡಲು ಚೆಂದ, ಕುಳಿತರೆ ಅರ್ಧಕ್ಕರ್ಧ ಕುಸಿಯುತ್ತಿತ್ತು. ತಲೆದಿಂಬು ಒಂದು ಪಕ್ಕಕ್ಕೆ ಜಾರುತ್ತಿತ್ತು. ಕಂಬಳಿ ಎಲ್ಲಕ್ಕಿಂತ ಒಳ್ಳೆಯದು; ನೇಯುವಾಗ ಹುಣಸೆ ಬೀಜದ ಗಂಜಿ ಹಚ್ಚುವುದರಿಂದ ಅದಕ್ಕೊಂದು ಬಿರುಸು ಇರುತ್ತದೆ, ಕುಸಿಯುವುದಿಲ್ಲ. ಆದರೆ ಆರೂವರೆ ಇಂಚು ಎತ್ತರಕ್ಕೆ ಮಡಚಿದರೆ ಅಗಲ ಸಾಲದು.

ಹಳೆ ಹುಬ್ಬಳ್ಳಿಯ ಕಡೆ ಗಾದಿ ಹೊಲಿಯುವ ಒಬ್ಬ ಹಿರಿಯರಿದ್ದಾರೆ, ಹತ್ತಿ ಹಿಂಜುವ ಮನೆತನದವರು. ಕಚೇರಿ ಬಿಟ್ಟ ಮೇಲೆ ಅವರ ಅಂಗಡಿಗೆ ಹೋಗಿ, “ಚಾಚಾ, ಕುಳಿತರೂ ಕುಸಿಯದ ದಿಂಬು ಬೇಕು” ಎಂದೆ. ಅವರು ನಕ್ಕು, “ಕುಸಿಯದ ಹತ್ತಿ ಯಾವುದಿದೆ ತಂಗಿ? ಕುಸಿಯುವುದನ್ನು ಮೊದಲೇ ಕುಸಿಸಿ ತುಂಬಬೇಕು” ಎಂದರು. ಬೂರುಗದ ಹತ್ತಿ ಹಗುರ, ಪುಟಿದೇಳುತ್ತದೆ. ನಮ್ಮ ಹೊಲದ ಹತ್ತಿ ಭಾರ, ಗಟ್ಟಿಯಾಗಿ ಕೂರುತ್ತದೆ. ಎರಡನ್ನೂ ಬೆರೆಸುತ್ತೇನೆ ಎಂದರು. ದುಂಡನೆಯ ಚೀಲವನ್ನು ಪಟ್ಟಾಪಟ್ಟಿ ಗಾದಿ ಬಟ್ಟೆಯಲ್ಲಿ ಹೊಲಿದು, ಹತ್ತಿಯನ್ನು ಹಿಡಿ ಹಿಡಿಯಾಗಿ ಒಳಗೆ ತುರುಕಿ, ಪ್ರತಿ ಸಲವೂ ಮುಷ್ಟಿಯಿಂದ ಗುದ್ದಿ, ಇನ್ನು ಹಿಡಿಸದು ಎನ್ನುವ ಮೇಲೆಯೂ ಒಂದು ಕೋಲಿನಿಂದ ಇನ್ನೆರಡು ಹಿಡಿ ನೂಕಿದರು. ನಡುವೆ ಹತ್ತಿ ಸರಿಯದ ಹಾಗೆ ದಬ್ಬಣದಿಂದ ಮೇಲಿಂದ ಕೆಳಗೆ ಒಂದು ಗಂಟು ಹಾಕಿದರು. ನೆಲದ ಮೇಲಿಟ್ಟು, “ಈಗ ಕುಳಿತು ನೋಡು” ಎಂದರು. ಅಂಗಡಿಯ ಮೆಟ್ಟಿಲಲ್ಲೇ ಜಮಖಾನೆ ಹಾಸಿಸಿಕೊಂಡು ಕುಳಿತೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಎರಡೂ ಮೊಣಕಾಲುಗಳು ಯಾರ ಒತ್ತಾಯವೂ ಇಲ್ಲದೆ ಕೆಳಗೆ ಇಳಿದವು. ನಾನೂರೈವತ್ತು ರೂಪಾಯಿ ತೆಗೆದುಕೊಂಡರು. ಎತ್ತರವನ್ನು ಬೇಕಾದ ಅಳತೆಗಿಂತ ಎರಡು ಬೆರಳು ಹೆಚ್ಚಾಗಿಯೇ ಹೊಲಿಸಬೇಕು, ಎರಡು ವಾರದಲ್ಲಿ ಅದು ತನ್ನ ಅಳತೆಗೆ ಬರುತ್ತದೆ ಎಂದು ಹೇಳಿ ಕಳಿಸಿದರು. ಹಾಗೆಯೇ ಆಯಿತು.

ದಿಂಬಿನ ಕೆಳಗೂ ಏನಾದರೂ ಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಮೊಣಕಾಲು ಮತ್ತು ಹರಡು ಬರಿಯ ಫರಸಿಯ ಮೇಲಿದ್ದರೆ ಸ್ವಲ್ಪ ಹೊತ್ತಿಗೇ ಮೂಳೆ ಒತ್ತತೊಡಗುತ್ತದೆ. ನಮ್ಮಲ್ಲಿ ನವಲಗುಂದದ ಹಳೆಯ ಜಮಖಾನೆಯೊಂದಿತ್ತು, ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಕಾಲುಗಳನ್ನು ಒಂದರ ಮೇಲೊಂದು ಹಾಕದೆ, ಒಂದರ ಮುಂದೊಂದು ನೆಲದ ಮೇಲೆಯೇ ಇರಿಸಿದೆ. ಎರಡೂ ಪಾದಗಳಿಗೆ ನೆಲ ಸಿಗುತ್ತದೆ, ಹರಡು ಹರಡನ್ನು ಒತ್ತುವುದಿಲ್ಲ. ದಿನ ಬಿಟ್ಟು ದಿನ ಮುಂದಿನ ಕಾಲನ್ನು ಬದಲಿಸುತ್ತೇನೆ. ಅಂಗೈಗಳ ಕೆಳಗೆ ಮಡಚಿದ ಶಾಲು ಇಟ್ಟುಕೊಂಡರೆ ಭುಜದ ನೋವು ಇಲ್ಲವಾಗುತ್ತದೆ. ಇದೂ ಅತ್ತೆಯ ಮೊಣಕೈ ನೋಡಿಯೇ ಹೊಳೆದದ್ದು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಸೀರೆಯ ನೆರಿಗೆ ಮೊಣಕಾಲಿನ ಹಿಂದೆ ಸಿಕ್ಕಿಕೊಂಡರೆ ಕಾಲು ಬೇಗ ಜೋಮು ಹಿಡಿಯುತ್ತದೆ. ಸಡಿಲವಾದ ಚೂಡಿದಾರ ಒಳ್ಳೆಯದು. ಸೀರೆಯೇ ಬೇಕೆಂದರೆ ಕೂರುವ ಮೊದಲು ನೆರಿಗೆಗಳನ್ನು ಮುಂದಕ್ಕೆ ಬಿಡಿಸಿಕೊಳ್ಳಿ.

ಜೋಮಿನ ಬಗ್ಗೆ ನನಗೆ ಬಹಳ ಹೆದರಿಕೆಯಿತ್ತು. ರಕ್ತ ಓಡಾಡುವುದೇ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ಸಾಮಾನ್ಯವಾಗಿ ಅದು ನರದ ಮೇಲೆ ಬೀಳುವ ಒತ್ತಡ. ಮೊಣಕಾಲಿನ ಹೊರಬದಿಯಲ್ಲಿ ಒಂದು ನರ ಚರ್ಮಕ್ಕೆ ಬಹಳ ಹತ್ತಿರ ಹಾದುಹೋಗುತ್ತದೆ, ತೊಡೆಯ ಹಿಂಭಾಗದಲ್ಲಿ ದಿಂಬಿನ ಅಂಚು ಒತ್ತಿದರೂ ಹಾಗಾಗುತ್ತದೆ. ದಿಂಬಿನ ಮುಂದಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕುಳಿತರೆ ತೊಡೆಗೆ ಅಂಚು ತಾಗುವುದಿಲ್ಲ. ಕಾಲು ಚಾಚಿದ ಮೇಲೆ ಒಂದೆರಡು ನಿಮಿಷದಲ್ಲಿ ಜೋಮು ಬಿಟ್ಟುಹೋದರೆ ಚಿಂತೆಯಿಲ್ಲ. ಆದರೆ ಜೋಮು ಹಿಡಿದ ಕಾಲಿನ ಮೇಲೆ ತಟ್ಟನೆ ಎದ್ದು ನಿಲ್ಲಬೇಡಿ. ಪಾದ ಎಲ್ಲಿದೆ ಎಂಬುದೇ ತಿಳಿಯದೆ ಹರಡು ಉಳುಕುತ್ತದೆ. ಕಾಲಿನ ಬೆರಳು ಆಡಿಸಿ, ಸ್ಪರ್ಶ ಬಂದ ಮೇಲೆ ಏಳಿ. ಮೊಣಕಾಲಿನೊಳಗಿನ ಚುಚ್ಚು ನೋವು ಬೇರೆ ಜಾತಿಯದು. ಅದು ಬಂದ ಕ್ಷಣವೇ ಕಾಲು ಬಿಡಿಸಬೇಕು. ಎದ್ದ ಮೇಲೂ ಉಳಿಯುವ ನೋವು, ಮರುದಿನ ಮೆಟ್ಟಿಲ ಮೇಲೆ ನೆನಪಾಗುವ ನೋವು, ಇವು ಸಹಿಸಬೇಕಾದ ನೋವುಗಳಲ್ಲ. ತೊಡೆಯ, ಬೆನ್ನಿನ ಮಂದವಾದ ಸೆಳೆತ ಎದ್ದು ಓಡಾಡಿದರೆ ಹೋಗುತ್ತದೆ. ಅದರ ಜೊತೆ ಕೂರಬಹುದು.

ದಿಂಬು ಎಲ್ಲರಿಗೂ ಒಗ್ಗುವುದಿಲ್ಲ. ನನ್ನ ಜೊತೆ ತರಗತಿಯಲ್ಲಿದ್ದ ಒಬ್ಬರು ಕಾಲು ಮಡಚುವುದನ್ನೇ ಬಿಟ್ಟು ವಜ್ರಾಸನದ ಮಣೆ ಮಾಡಿಸಿಕೊಂಡರು. ಹದಿನೆಂಟು ಇಂಚು ಉದ್ದ, ಏಳು ಇಂಚು ಅಗಲದ ಹಲಗೆ, ಎರಡು ಕಡೆ ಏಳೆಂಟು ಇಂಚಿನ ಕಾಲು, ಮುಂದಿನ ಬದಿ ಮುಕ್ಕಾಲು ಇಂಚು ತಗ್ಗು. ಮಂಡಿಯೂರಿ, ಕಣಕಾಲುಗಳನ್ನು ಮಣೆಯ ಕೆಳಗೆ ಬಿಟ್ಟು, ಮೇಲೆ ಕೂರುವುದು. ಭಾರ ಹಿಮ್ಮಡಿಯ ಮೇಲೆ ಬೀಳುವುದಿಲ್ಲ. ಬಡಿಗೇರರು ಉಳಿದ ಹಲಗೆಯಲ್ಲಿ ಆರುನೂರು ರೂಪಾಯಿಗೆ ಮಾಡಿಕೊಟ್ಟರಂತೆ. ನಾನೂ ಕುಳಿತು ನೋಡಿದೆ, ಬೆನ್ನಿಗೆ ಅದರಷ್ಟು ಹಿತವಾದದ್ದು ಇಲ್ಲ. ನನ್ನ ಮೊಣಕಾಲು ಅಷ್ಟು ಮಡಚಲು ಒಪ್ಪಲಿಲ್ಲ. ಇನ್ನು ಕುರ್ಚಿಯನ್ನು ಕೀಳಾಗಿ ಕಾಣಬೇಡಿ. ಬೆನ್ನನ್ನು ಒರಗಿಸದೆ ಮುಂದೆ ಸರಿದು ಕುಳಿತು, ಪಾದಗಳು ಪೂರ್ತಿ ನೆಲಕ್ಕೆ ತಾಗುವಂತೆ ಇರಿಸಿಕೊಂಡರೆ ಅದೂ ಆಸನವೇ. ಪಾದ ಎಟುಕದಿದ್ದರೆ ಕೆಳಗೆ ಅಡುಗೆಮನೆಯ ಮಣೆ ಇಟ್ಟುಕೊಳ್ಳಿ. ಮೊಣಕಾಲು ಬದಲಿಸಿಕೊಂಡವರು, ಸೊಂಟದ ಶಸ್ತ್ರಚಿಕಿತ್ಸೆ ಆದವರು ತಮ್ಮ ವೈದ್ಯರನ್ನು ಕೇಳದೆ ನೆಲಕ್ಕೆ ಇಳಿಯಲೇಬಾರದು.

ಹತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದೈದು ನಿಮಿಷ ಸೇರಿಸುತ್ತ ಹೋದೆ. ಭಾನುವಾರಗಳಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ ಕೂರುತ್ತಿದ್ದೆ. ‘ಓಂ ನಮಃ ಶಿವಾಯ’ ಕಿವಿಗೆ ಬೀಳುತ್ತಿದ್ದರೆ ಮನೆಯಲ್ಲಿ ಇಪ್ಪತ್ತು ನಿಮಿಷ ಕೂರಲಾಗದವಳು ಅಲ್ಲಿ ಅರ್ಧ ತಾಸು ಕುಳಿತುಬಿಡುತ್ತಿದ್ದೆ. ಅಲ್ಲಿ ಕೂರುವ ಹಳ್ಳಿಯ ಹಿರಿಯರನ್ನು ನೋಡಿ ಸಂತೋಷವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಜೀವಮಾನವೆಲ್ಲ ನೆಲದ ಮೇಲೆ ಕುಳಿತ ಸೊಂಟ ಅವರದು, ಬರಿಯ ಕಲ್ಲಿನ ಮೇಲೆ ದಿಂಬಿಲ್ಲದೆ ನೆಟ್ಟಗೆ ಕೂರುತ್ತಾರೆ. ಆಷಾಢ ಬಂದಾಗ ಹೊಸ ತೊಡಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹತ್ತಿ ತೇವ ಹಿಡಿದು ದಿಂಬು ಕಲ್ಲಾಯಿತು, ವಾಸನೆಯೂ ಬಂತು. ಥಂಡಿಗೆ ಸೊಂಟವೂ ಬಿಗಿಯಿತು. ಬೆಳಿಗ್ಗೆ ಎದ್ದ ತಕ್ಷಣ ಕೂರುವುದನ್ನು ಬಿಟ್ಟು, ಹತ್ತು ನಿಮಿಷ ಮನೆಯೊಳಗೇ ಓಡಾಡಿ, ಬಿಸಿನೀರಿನ ಸ್ನಾನ ಮಾಡಿ ಆಮೇಲೆ ಕುಳಿತೆ. ದಿಂಬನ್ನು ರಾತ್ರಿ ಒಲೆಯ ಕೋಣೆಯಲ್ಲಿಟ್ಟೆ.

ಮುಕ್ಕಾಲು ತಾಸು ಕೂರಲು ಬಂದ ಮೇಲೆ ಶಿಬಿರದ ಅರ್ಜಿ ಹಾಕಿದೆ. ಅದರಲ್ಲಿ ಆರೋಗ್ಯದ ವಿವರಗಳನ್ನು ಕೇಳುತ್ತಾರೆ. ಮೊಣಕಾಲಿನ ಸವಕಳಿಯನ್ನು ಬರೆದರೆ ಬೇಡವೆಂದುಬಿಟ್ಟಾರೆಂದು ಮನೆಯವರೆಲ್ಲ ಹೆದರಿಸಿದರು. ನಾನು ಎಲ್ಲವನ್ನೂ ಬರೆದೆ. ಕೆಲವು ದಿನಗಳ ಮೇಲೆ ಶಿಬಿರದ ಕಚೇರಿಯಿಂದ ಫೋನು ಬಂತು, ವೈದ್ಯರ ಪತ್ರ ಇದ್ದರೆ ಒಳ್ಳೆಯದು ಎಂದರು. ಹಳೆಯ ಆಸ್ಪತ್ರೆಯಲ್ಲಿ ಆ ಒಂದು ಸಾಲಿನ ಪತ್ರಕ್ಕೆ ಮತ್ತೆ ಚೀಟಿ, ಮತ್ತೆ ಪಾಳಿ, ಮತ್ತೆ ಐನೂರು. ಎಕ್ಸ್-ರೇ ಇಟ್ಟುಕೊಂಡಿದ್ದರಿಂದ ಹೊಸದನ್ನು ತೆಗೆಸುವುದು ತಪ್ಪಿತು. ಪತ್ರ ಕಳಿಸಿದ ಮೇಲೆ ಒಪ್ಪಿಗೆ ಬರುವವರೆಗಿನ ಕಾಯುವಿಕೆ ಎಲ್ಲಕ್ಕಿಂತ ಉದ್ದವೆನಿಸಿತು. ಒಪ್ಪಿಗೆ ಬಂದಾಗ ಅತ್ತೆ ಸಕ್ಕರೆ ಬಾಯಿಗೆ ಹಾಕಿದರು.

ಶಿಬಿರಕ್ಕೆ ಶುಲ್ಕವಿಲ್ಲ, ಮುಗಿಸಿದವರು ಇಚ್ಛೆಯಿದ್ದಷ್ಟು ದಾನ ಕೊಡಬಹುದು. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ದಿನದಲ್ಲಿ ಮೂರು ಸಲ ಎಲ್ಲರೂ ಸೇರಿ ಒಂದೊಂದು ತಾಸು ಕೂರುವುದು ಕಡ್ಡಾಯ. ಮೊದಲ ಮೂರು ದಿನ ಉಸಿರನ್ನು ಮಾತ್ರ ಗಮನಿಸುತ್ತಾರೆ, ಭಂಗಿ ಬದಲಿಸಲು ಅಡ್ಡಿಯಿಲ್ಲ. ನಾಲ್ಕನೆಯ ದಿನ ವಿಪಶ್ಯನ, ಅಂದರೆ ಮೈಯಲ್ಲಿ ಆಗುವ ಸಂವೇದನೆಗಳನ್ನು ಗಮನಿಸುವುದನ್ನು, ಕಲಿಸಿದ ಮೇಲೆ ಆ ಮೂರು ತಾಸುಗಳಲ್ಲಿ 'ಅಧಿಷ್ಠಾನ' ಎಂದು ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವ ಸಂಕಲ್ಪ. ನಾನು ಮೊದಲ ದಿನವೇ ಶಿಬಿರದಲ್ಲಿ ನೆರವಿಗಿರುವ ಸೇವಕಿಯನ್ನು ಕಂಡು ನನ್ನ ದಿಂಬನ್ನು ಬಳಸಲು ಅನುಮತಿ ಕೇಳಿದೆ, ಬೇಕಾದರೆ ಕುರ್ಚಿ ಸಿಗುತ್ತದೆಯೇ ಎಂದೂ ಕೇಳಿದೆ. ಎರಡಕ್ಕೂ ಒಪ್ಪಿದರು. ತೊಂದರೆ ಇರುವವರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿಗಳಿದ್ದವು. ಸುಮ್ಮನೆ ಸಹಿಸಿಕೊಂಡು ಕೂರುವ ಮೊದಲು ಕೇಳಿನೋಡಿ, ಕೇಳಿದರೆ ಕೊಡುತ್ತಾರೆ.

ಮೊದಲ ಅಧಿಷ್ಠಾನದಲ್ಲಿ ನಲವತ್ತು ನಿಮಿಷದ ಹೊತ್ತಿಗೆ ತೊಡೆ ಉರಿಯತೊಡಗಿತು. ಮೊಣಕಾಲಿನೊಳಗೆ ಏನಾದರೂ ಚುಚ್ಚುತ್ತಿದೆಯೇ ಎಂದು ಗಮನವಿಟ್ಟು ನೋಡಿದೆ. ಇರಲಿಲ್ಲ. ತೊಡೆಯ ಉರಿಯಷ್ಟೇ. ಅದನ್ನು ನೋಡುತ್ತ ಕುಳಿತೆ. ಏರಿತು, ಚದುರಿತು, ಮತ್ತೆ ಏರಿತು. ತಾಸಿನ ಕೊನೆಯ ಪಠಣ ಶುರುವಾದಾಗ ಅಳು ಬಂತು, ತಡೆಯಲಿಲ್ಲ. ಏಳನೆಯ ದಿನ ಮಧ್ಯಾಹ್ನ ಮಾತ್ರ ಹಳೆಯ ಜಾಗದಲ್ಲಿಯೇ ಚುಚ್ಚಿತು. ಆಗ ಸಂಕಲ್ಪವನ್ನು ಬದಿಗಿಟ್ಟು ಕಾಲು ಬಿಡಿಸಿದೆ, ಮುಂದಿನ ಎರಡು ದಿನ ಕುರ್ಚಿಯಲ್ಲಿ ಕುಳಿತೆ. ಗುರುಗಳು ಒಂದು ಮಾತೂ ಅನ್ನಲಿಲ್ಲ. ಕೊನೆಯ ದಿನ ಮತ್ತೆ ದಿಂಬಿಗೆ ಮರಳಿದೆ. ಮೆಟ್ಟಿಲು ಇಳಿಯುವಾಗ ಈಗ ನೋವಿಲ್ಲ. ನಿದ್ದೆ ಪೂರ್ತಿ ಸರಿಹೋಗಿದೆ ಎನ್ನಲಾರೆ, ಎರಡಕ್ಕೆ ಎಚ್ಚರವಾದರೆ ಎದ್ದು ಕೂರುತ್ತೇನೆ, ಮತ್ತೆ ಮಲಗುತ್ತೇನೆ.

ಶಿಬಿರದಲ್ಲಿ ದಿಂಬು ಒಂದು ಇಂಚು ಇಳಿದಿದೆ. ಚಾಚಾ ಹತ್ತಿಯನ್ನು ಬಿಚ್ಚಿ, ಹಿಂಜಿ, ಮತ್ತೆ ತುಂಬಿಕೊಡಲು ನೂರೈವತ್ತು ರೂಪಾಯಿ ಹೇಳಿದ್ದಾರೆ. ಒಳ್ಳೆಯ ಬಿಸಿಲಿರುವ ದಿನ ತಾ ಎಂದಿದ್ದಾರೆ. ನಮ್ಮ ಕಚೇರಿಯ ಇಬ್ಬರು ಅಳತೆ ಬರೆದು ಕೊಟ್ಟಿದ್ದಾರೆ, ಒಬ್ಬರದು ನಾಲ್ಕು ಇಂಚು, ಇನ್ನೊಬ್ಬರದು ಐದೂವರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಹಾಗಾಗಿ ಶನಿವಾರ ಮೂರೂ ದಿಂಬಿನ ಕೆಲಸವನ್ನು ಒಟ್ಟಿಗೆ ಒಪ್ಪಿಸಿ ಬರುತ್ತೇನೆ.